ಆರೂವರೆ ಚದರ ಮೀಟರಿನ ಅಡುಗೆಮನೆ

ಕೇಳುಗರಿಗೆ ನಮಸ್ಕಾರ.

ಇಪ್ಪತ್ತನೆಯ ಶತಮಾನದ ಆರಂಭದ ಆಧುನಿಕ ಕಲೆ ಮತ್ತು ವಿನ್ಯಾಸ ಚಳವಳಿಗಳ ಬಗ್ಗೆ ಮಾತನಾಡಿ ಎಂದು ಕೇಳಿದ್ದಾರೆ. ಈ ವಿಷಯ ಎತ್ತಿದ ಕೂಡಲೇ ಹೆಸರುಗಳ ಮೆರವಣಿಗೆ ಹೊರಡುವುದು ವಾಡಿಕೆ. 1907ರಲ್ಲಿ ಜರ್ಮನಿಯ ವೆರ್ಕ್‌ಬುಂಡ್ ಎಂಬ ಸಂಘ, 1917ರಲ್ಲಿ ಹಾಲೆಂಡಿನ ಡಿ ಸ್ಟೈಲ್ ಎಂಬ ಕಲಾವಿದರ ಬಳಗ, 1919ರಲ್ಲಿ ಜರ್ಮನಿಯ ವೈಮಾರ್ ಊರಿನ ಬೌಹೌಸ್ ಎಂಬ ವಿನ್ಯಾಸ ಶಾಲೆ. ಪರೀಕ್ಷೆಗೆ ಓದುತ್ತಿರುವವರು ಬರೆದುಕೊಳ್ಳಿ. ಉಳಿದವರು ನನ್ನ ಜೊತೆ ಅದೇ ಕಾಲದ ಒಂದು ಅಡುಗೆಮನೆಗೆ ಬನ್ನಿ. ಈಗ ಒಲೆಯ ಮುಂದೆ ನಿಂತು ರೇಡಿಯೋ ಕೇಳುತ್ತಿರುವವರು, ಮನೆ ಕಟ್ಟಿಸಲು ಹೊರಟವರು, ಮಾಡ್ಯುಲರ್ ಕಿಚನ್‌ಗೆ ಮುಂಗಡ ಕೊಡಲು ಹೊರಟವರು, ನೀವು ಮೂರೂ ಬಗೆಯವರು ಸ್ವಲ್ಪ ಗಮನವಿಟ್ಟು ಕೇಳಿ. ಮುಂಗಡ ಇನ್ನೂ ಕೊಟ್ಟಿಲ್ಲವಾದರೆ ಇನ್ನೂ ಒಳ್ಳೆಯದು.

ನಾನು ಹೇಳಬೇಕಾದದ್ದು ಒಂದೇ ಮಾತು. ಮೊದಲು ಹೆಜ್ಜೆ ಎಣಿಸಿ, ಆಮೇಲೆ ಕಪಾಟು ಮಾಡಿಸಿ.

ಈ ಅಡುಗೆಮನೆ ಇರುವುದು ಜರ್ಮನಿಯ ಫ್ರಾಂಕ್‌ಫರ್ಟ್ ನಗರದಲ್ಲಿ. ಮೊದಲ ಮಹಾಯುದ್ಧ ಮುಗಿದಿತ್ತು. 1923ರ ಹಣದುಬ್ಬರದಲ್ಲಿ ಜನರ ಉಳಿತಾಯವೆಲ್ಲ ಕರಗಿಹೋಗಿತ್ತು. ಊರಿನಲ್ಲಿ ಮನೆಗಳಿಗೆ ಬರ. ಕೂಲಿಕಾರರ ಕುಟುಂಬಗಳಲ್ಲಿ ಬೆಚ್ಚಗಿರುತ್ತಿದ್ದದ್ದು ಒಂದೇ ಕೋಣೆ, ಕಲ್ಲಿದ್ದಲಿನ ಒಲೆ ಇದ್ದ ಕೋಣೆ. ಅಡುಗೆ ಅಲ್ಲೇ, ಊಟ ಅಲ್ಲೇ, ಸ್ನಾನ ಅಲ್ಲೇ, ರಾತ್ರಿ ಯಾರಾದರೊಬ್ಬರ ಹಾಸಿಗೆಯೂ ಅಲ್ಲೇ. 1925ರಲ್ಲಿ ಅರ್ನ್ಸ್ಟ್ ಮಾಯ್ ಎಂಬ ವಾಸ್ತುಶಿಲ್ಪಿ ನಗರದ ಕಟ್ಟಡ ಇಲಾಖೆಯ ಹೊಣೆ ಹೊತ್ತರು. ಐದು ವರ್ಷಗಳಲ್ಲಿ ಸುಮಾರು 12,000 ಮನೆಗಳು ಎದ್ದವು. ಇಷ್ಟು ಮನೆಗಳಿಗೆ ಒಂದೊಂದು ಅಡುಗೆಮನೆ ಬೇಕು, ಅದು ಚಿಕ್ಕದಿರಬೇಕು, ಕಾರ್ಖಾನೆಯಲ್ಲಿ ತಯಾರಾಗಿ ಬರುವಂತಿರಬೇಕು. 1926ರಲ್ಲಿ ಮಾಯ್ ಅವರು ವಿಯೆನ್ನಾದಿಂದ ಮಾರ್ಗರೆಟೆ ಲಿಹೋಟ್ಸ್ಕಿ ಎಂಬ ವಾಸ್ತುಶಿಲ್ಪಿಯನ್ನು ಕರೆಸಿಕೊಂಡರು. ಆಕೆಗೆ ಆಗ 29 ವರ್ಷ. ಮರುವರ್ಷ ಮದುವೆಯಾಗಿ ಶ್ಯೂಟೆ-ಲಿಹೋಟ್ಸ್ಕಿ ಆದರು.

ಒಂದು ತಮಾಷೆ ಹೇಳಿಬಿಡುತ್ತೇನೆ. ಆಕೆಗೆ ಅಡುಗೆ ಬರುತ್ತಿರಲಿಲ್ಲ. ಈ ಅಡುಗೆಮನೆ ವಿನ್ಯಾಸ ಮಾಡುವವರೆಗೆ ಸಂಸಾರ ನಡೆಸಿರಲಿಲ್ಲ, ಒಲೆ ಹಚ್ಚಿರಲಿಲ್ಲ ಎಂದು ಆಕೆಯೇ ಆಮೇಲೆ ಒಪ್ಪಿಕೊಂಡಿದ್ದಾರೆ. ಅದು ಕೊರತೆಯಾಗಲಿಲ್ಲ, ಅನುಕೂಲವೇ ಆಯಿತು ಎಂಬುದು ನನ್ನ ಅಭಿಪ್ರಾಯ. ದಿನಾ ಅಡುಗೆ ಮಾಡುವವರಿಗೆ ತಮ್ಮ ಓಡಾಟ ಕಾಣುವುದಿಲ್ಲ, ಕಾಲಿಗೆ ರೂಢಿಯಾಗಿರುತ್ತದೆ. ಆಕೆ ಹೊರಗೆ ನಿಂತು ನೋಡಿದರು. ಕೈಯಲ್ಲಿ ಸ್ಟಾಪ್‌ವಾಚ್. ಯಾವ ಕೆಲಸಕ್ಕೆ ಎಷ್ಟು ಹೊತ್ತು, ಯಾವುದರಿಂದ ಯಾವುದಕ್ಕೆ ಎಷ್ಟು ದೂರ. ಅಮೆರಿಕದಲ್ಲಿ ಕ್ರಿಸ್ಟೀನ್ ಫ್ರೆಡೆರಿಕ್ ಎಂಬಾಕೆ ಕಾರ್ಖಾನೆಯ ಕೆಲಸ ಅಳೆಯುವ ಕ್ರಮವನ್ನು ಮನೆಗೆಲಸಕ್ಕೆ ತಂದಿದ್ದರು, ಅದನ್ನು ಈಕೆ ಓದಿದ್ದರು. ಕಣ್ಣೆದುರು ಇನ್ನೊಂದು ಮಾದರಿಯೂ ಇತ್ತು, ರೈಲಿನ ಊಟದ ಬೋಗಿಯ ಅಡುಗೆಕೋಣೆ. ಕೈಚಾಚಿದರೆ ಗೋಡೆ ತಾಗುವಷ್ಟು ಜಾಗ, ಬೋಗಿ ತುಂಬ ಜನಕ್ಕೆ ಬಿಸಿ ಊಟ. ಜಾಗ ಕಡಿಮೆ ಇದ್ದದ್ದಕ್ಕೇ ಅಲ್ಲಿ ಕೆಲಸ ಸಾಗುತ್ತಿತ್ತು.

ಈ ಅಳತೆಯನ್ನು ನೀವೂ ನಾಳೆ ಬೆಳಿಗ್ಗೆ ಮಾಡಬಹುದು. ಪೆನ್ಸಿಲ್ ಹಿಡಿದುಕೊಳ್ಳಿ. ಅಡುಗೆಮನೆಯ ಉದ್ದಗಲ ಅಳೆದು 1ಕ್ಕೆ 20ರ ಪ್ರಮಾಣದಲ್ಲಿ ಗ್ರಾಫ್ ಹಾಳೆಯ ಮೇಲೆ ಬರೆಯಿರಿ. ಅಂದರೆ ಒಂದು ಮೀಟರಿಗೆ 5 ಸೆಂಟಿಮೀಟರ್. ಮೂರು ಮೀಟರ್ ಉದ್ದ, 2.4 ಮೀಟರ್ ಅಗಲದ ಕೋಣೆ ಹಾಳೆಯ ಮೇಲೆ 15ಕ್ಕೆ 12 ಸೆಂಟಿಮೀಟರ್ ಆಗುತ್ತದೆ. ಹಾಳೆಯನ್ನು ಥರ್ಮೋಕೋಲ್ ತುಂಡಿಗೆ ಅಂಟಿಸಿ. ಒಲೆ, ಸಿಂಕ್, ಫ್ರಿಜ್, ಹೆಚ್ಚುವ ಜಾಗ, ಮಿಕ್ಸಿ, ಅಕ್ಕಿ-ಬೇಳೆ ಡಬ್ಬಗಳು, ಸಾಂಬಾರ ಪದಾರ್ಥದ ಡಬ್ಬಿ, ಕಸದ ಬುಟ್ಟಿ, ಊಟದ ಕೋಣೆಯ ಬಾಗಿಲು, ಈ ಒಂಬತ್ತು ಕಡೆ ಗುಂಡುಸೂಜಿ ಚುಚ್ಚಿ. ಈಗ ಒಬ್ಬರು ಎಂದಿನಂತೆ ಅನ್ನ, ಸಾರು, ಪಲ್ಯ ಮಾಡಲಿ. ಇನ್ನೊಬ್ಬರು ಬಾಗಿಲಲ್ಲಿ ಕೂತು, ಅವರು ಹೋದಲ್ಲೆಲ್ಲ ಸೂಜಿಯಿಂದ ಸೂಜಿಗೆ ದಾರ ಎಳೆಯಲಿ. ಅಡುಗೆ ಮುಗಿದ ಮೇಲೆ ದಾರ ಬಿಚ್ಚಿ ಅಳೆದು 20ರಿಂದ ಗುಣಿಸಿ. ಐದು ಮೀಟರ್ ದಾರ ಹೋಗಿದ್ದರೆ ಒಂದು ಹೊತ್ತಿನ ಅಡುಗೆಗೆ ನೂರು ಮೀಟರ್ ನಡೆದಿದ್ದಾರೆ ಎಂದರ್ಥ.

ಇದರಲ್ಲಿ ತಪ್ಪಾಗುವುದು ಎರಡು ಕಡೆ. ನೋಡದೆ, ನೆನಪಿನಿಂದ ದಾರ ಎಳೆಯುವುದು ಮೊದಲನೆಯದು. ಕಸದ ಬುಟ್ಟಿಗೆ ಹೋದದ್ದು ಯಾರಿಗೂ ನೆನಪಿರುವುದಿಲ್ಲ. ಎರಡನೆಯದು, ಹಬ್ಬದ ದಿನ ಅಳೆಯುವುದು. ವಾರದ ನಡುವಿನ ಅವಸರದ ಬೆಳಿಗ್ಗೆಯೇ ಬೇಕು. ಬಿಚ್ಚುವ ಮುಂಚೆ ದಾರ ಎಲ್ಲಿ ದಪ್ಪಗೆ ಕೂಡಿಕೊಂಡಿದೆ ನೋಡಿ. ಅಲ್ಲಿನ ಎರಡು ವಸ್ತುಗಳನ್ನು ಹತ್ತಿರ ತನ್ನಿ. ಒಂದೇ ಎಳೆ ಇರುವ ಕಡೆ ಏನೂ ಮಾಡಬೇಡಿ. ಇಷ್ಟೇ. ಹೆಜ್ಜೆ ಮೊದಲು, ಕಪಾಟು ಆಮೇಲೆ.

ಈಗ ಫ್ರಾಂಕ್‌ಫರ್ಟಿನ ಅಡುಗೆಮನೆಯ ಒಳಗೆ ಹೋಗೋಣ. ಅಗಲ ಸುಮಾರು 1.9 ಮೀಟರ್, ಉದ್ದ 3.4 ಮೀಟರ್. ಸುಮಾರು ಆರೂವರೆ ಚದರ ಮೀಟರ್, ನಮ್ಮ ಲೆಕ್ಕದಲ್ಲಿ ಎಪ್ಪತ್ತು ಚದರ ಅಡಿ. ಎದುರಿನ ಕಿರುಗೋಡೆಯಲ್ಲಿ ಕಿಟಕಿ. ಕಿಟಕಿಯ ಕೆಳಗೆ ಹೆಚ್ಚುವ ಮೇಜು, ಬೆಳಕು ನೇರ ಕೈಮೇಲೆ ಬೀಳುತ್ತದೆ. ಮೇಜಿನ ಮುಂದೆ ತಿರುಗುವ ಸ್ಟೂಲು, ಏಕೆಂದರೆ ತರಕಾರಿ ಹೆಚ್ಚುವುದು ಕೂತು ಮಾಡುವ ಕೆಲಸ ಎಂದು ಆಕೆ ತೀರ್ಮಾನಿಸಿದ್ದರು. ಈಳಿಗೆಮಣೆಯ ಮೇಲೆ ಕೂತು ಹೆಚ್ಚುತ್ತಿದ್ದ ನಮ್ಮ ಅಜ್ಜಿಯರಿಗೆ ಇದು ಹೊಸ ಸುದ್ದಿಯೇನಲ್ಲ. ನಾವು ಕಟ್ಟೆ ಕಟ್ಟಿಸಿ ಎಲ್ಲದಕ್ಕೂ ನಿಂತೆವು, ಸೊಂಟ ಹಿಡಿಯಿತು ಎಂದು ಈಗ ಗೊಣಗುತ್ತೇವೆ. ಮೇಜಿನ ಹಲಗೆ ಬೀಚ್ ಮರದ್ದು, ಚಾಕುವಿನ ಗೀರಿಗೂ ಕಲೆಗೂ ತಡೆಯುವಂಥದ್ದು. ಅದರಲ್ಲೇ ಸಿಪ್ಪೆ ತಳ್ಳಲು ಒಂದು ಕಿಂಡಿ, ಕೆಳಗೆ ಎಳೆದು ತೆಗೆಯುವ ಲೋಹದ ತಟ್ಟೆ. ಕಸದ ಬುಟ್ಟಿಯತ್ತ ಹೋಗುತ್ತಿದ್ದ ಎಳೆಗಳೆಲ್ಲ ಒಂದೇ ಏಟಿಗೆ ಮಾಯ.

ತೊಳೆದ ತಟ್ಟೆಗಳನ್ನು ನಿಲ್ಲಿಸಲು ಮರದ ಅಡ್ಡಪಟ್ಟಿ. ನೀರು ತಾನಾಗಿ ಸೋರಿ ತಟ್ಟೆ ಒಣಗುತ್ತದೆ, ಬಟ್ಟೆಯಲ್ಲಿ ಒರೆಸುವ ಕೆಲಸವೇ ಇಲ್ಲ. ನೀವು ಸಿಂಕ್ ಇಡಿಸುವಾಗ ಇನ್ನೊಂದು ನೋಡಿಕೊಳ್ಳಿ. ಬಲಗೈಯವರು ತಟ್ಟೆಯನ್ನು ಎಡಗೈಯಲ್ಲಿ ಹಿಡಿದು ಬಲಗೈಯಲ್ಲಿ ಉಜ್ಜುತ್ತಾರೆ, ಎಡಗೈಯಲ್ಲೇ ಕೆಳಗಿಡುತ್ತಾರೆ. ಹಾಗಾಗಿ ಎಂಜಲು ಪಾತ್ರೆ ಬಲಕ್ಕೆ, ತೊಳೆದದ್ದು ಎಡಕ್ಕೆ. ತಿರುಗುಮುರುಗಾಗಿ ಇಟ್ಟರೆ ಪ್ರತಿ ತಟ್ಟೆಗೂ ಕೈ ಅಡ್ಡ ಹಾಯುತ್ತದೆ, ನೀರು ನೆಲಕ್ಕೆ ಬೀಳುತ್ತದೆ, ಆಮೇಲೆ ಪ್ಲಂಬರ್‌ಗೆ ಬೈಗುಳ.

ಒಲೆಯ ಹತ್ತಿರವೇ ಊಟದ ಕೋಣೆಗೆ ಸರಿಸುವ ಬಾಗಿಲು. ಒಲೆಯಿಂದ ಊಟದ ಮೇಜಿಗೆ ಮೂರು ಮೀಟರಿಗಿಂತ ಹೆಚ್ಚು ದೂರ ಇರಕೂಡದು ಎಂಬುದು ಲೆಕ್ಕ. ಕೂಲಿಗೆ ಹೋಗುವ ಹೆಂಗಸರಿಗಾಗಿ ಒಂದು ಶಾಖಪೆಟ್ಟಿಗೆ, ಒಳಗೆಲ್ಲ ಶಾಖ ಹೊರಹೋಗದಂಥ ಹೊದಿಕೆ. ಬೆಳಿಗ್ಗೆ ಪಾತ್ರೆ ಕುದಿ ಬರಿಸಿ, ಹತ್ತು ಹದಿನೈದು ನಿಮಿಷ ಕುದಿಸಿ, ಮುಚ್ಚಳ ತೆರೆಯದೆ ಪೆಟ್ಟಿಗೆಯೊಳಗೆ ಇಟ್ಟರೆ ಉಳಿದದ್ದು ತನ್ನ ಬಿಸಿಯಲ್ಲೇ ಬೇಯುತ್ತದೆ, ಸೌದೆಯಿಲ್ಲ, ಗ್ಯಾಸಿಲ್ಲ. ಪಾತ್ರೆ ಮುಕ್ಕಾಲಾದರೂ ತುಂಬಿರಬೇಕು. ಕಾಲು ಪಾತ್ರೆ ಬೇಳೆ ಇಟ್ಟರೆ ಬಿಸಿ ಬೇಗ ಇಳಿದು ಅರೆಬೆಂದು ಕೂರುತ್ತದೆ. ಬಡಿಸುವ ಮುಂಚೆ ಮತ್ತೊಮ್ಮೆ ಕುದಿಸಬೇಕು, ಇದನ್ನು ಮರೆಯಬೇಡಿ.

ಇನ್ನು ನನಗೆ ಅತಿ ಪ್ರಿಯವಾದ ಭಾಗ, ಡ್ರಾಯರ್‌ಗಳು. ಹಾರರ್ ಎಂಬ ಕಂಪನಿ ಮಾಡಿಕೊಟ್ಟ ಅಲ್ಯುಮಿನಿಯಂ ಡ್ರಾಯರ್‌ಗಳು. ಸಾಲಿಗೆ ಆರರಂತೆ ಮೂರು ಸಾಲು, ಒಟ್ಟು ಹದಿನೆಂಟು. ಪ್ರತಿಯೊಂದಕ್ಕೂ ಹಿಡಿ, ತುದಿಯಲ್ಲಿ ಸುರಿಯಲು ಮೂತಿ, ಮುಂದೆ ಪದಾರ್ಥದ ಹೆಸರು. ಸಕ್ಕರೆ, ಅಕ್ಕಿ, ಹೀಗೆ. ಈಗ ನಿಮ್ಮ ಡಬ್ಬದಿಂದ ಸಕ್ಕರೆ ತೆಗೆಯುವುದನ್ನು ನೆನೆಸಿಕೊಳ್ಳಿ. ಡಬ್ಬ ಇಳಿಸುತ್ತೀರಿ, ಮುಚ್ಚಳ ತಿರುಗಿಸುತ್ತೀರಿ, ಚಮಚ ಹುಡುಕುತ್ತೀರಿ, ತೋಡುತ್ತೀರಿ, ಮುಚ್ಚಳ ಹಾಕುತ್ತೀರಿ, ಡಬ್ಬ ಮೇಲಿಡುತ್ತೀರಿ. ಆರು ಕೆಲಸ, ಜೊತೆಗೆ ತೊಳೆಯಲು ಒಂದು ಚಮಚ. ಆ ಡ್ರಾಯರ್‌ನಲ್ಲಾದರೆ ಎಳೆಯುವುದು, ಬಗ್ಗಿಸಿ ಪಾತ್ರೆಗೆ ಸುರಿಯುವುದು, ಮತ್ತೆ ಸ್ವಸ್ಥಾನಕ್ಕೆ ತಳ್ಳುವುದು. ಮೂರು. ತೆಳುವಾದ ಅಲ್ಯುಮಿನಿಯಂ ಆದ್ದರಿಂದ ತುಂಬಿದ್ದರೂ ಒಂದು ಕೈಗೆ ಭಾರವಲ್ಲ. ಹಿಟ್ಟಿನದು ಮಾತ್ರ ಅಲ್ಯುಮಿನಿಯಂ ಅಲ್ಲ, ಓಕ್ ಮರದ್ದು. ಓಕ್‌ನಲ್ಲಿರುವ ಟ್ಯಾನಿನ್ ಹಿಟ್ಟಿನ ಹುಳುಗಳಿಗೆ ಆಗದು ಎಂಬ ಲೆಕ್ಕಾಚಾರ. ಕಪಾಟುಗಳಿಗೆ ನೀಲಿ-ಹಸಿರು ಬಣ್ಣ ಬಳಿದರು. ಅದೇಕೆ? ನೊಣಗಳು ನೀಲಿಯ ಮೇಲೆ ಕೂರುವುದಿಲ್ಲ ಎಂದು ಆಗಿನ ವಿಜ್ಞಾನಿಗಳು ಹೇಳಿದ್ದರು. ನೊಣಗಳು ಈ ಮಾತಿಗೆ ಎಷ್ಟು ಬೆಲೆ ಕೊಟ್ಟವೋ ಬೇರೆ ವಿಚಾರ. ಬಣ್ಣಕ್ಕೂ ಒಂದು ಕೆಲಸ ಹಚ್ಚಿದ್ದರು ಎಂಬುದನ್ನು ಗಮನಿಸಿ. ಇಲ್ಲಿ ನಮ್ಮ ಅಂಗಡಿಯವರು ಮೊದಲು ತೆರೆಯುವುದೇ ಲ್ಯಾಮಿನೇಟ್ ಬಣ್ಣಗಳ ಪುಸ್ತಕ. ದಯವಿಟ್ಟು ಆ ಪುಸ್ತಕ ಮುಚ್ಚಿಸಿ, ದಾರದ ಹಾಳೆ ಮೇಜಿನ ಮೇಲಿಡಿ.

ಈ ಡ್ರಾಯರ್‌ಗಳೂ ಸೋತವು, ಅದನ್ನೂ ಹೇಳಬೇಕು. ಕೆಳಗೆ ಇಟ್ಟದ್ದರಿಂದ ಮಕ್ಕಳ ಕೈಗೆ ಸಿಕ್ಕವು. ಸಕ್ಕರೆ ಎಲ್ಲಿದೆ ಎಂದು ಮೇಲೆ ಹೆಸರೇ ಇದೆ, ಇನ್ನೇನು ಬೇಕು. ಒಂದೊಂದರಲ್ಲಿ ಹಿಡಿಯುವುದೂ ಸ್ವಲ್ಪವೇ. ಹೆಸರು ಅಚ್ಚಾಗಿಬಿಟ್ಟರೆ ಬದಲಾಗುವುದಿಲ್ಲ, ಮನೆಯವರು ತಿನ್ನುವುದು ಬದಲಾಗುತ್ತದೆ. ಹದಿನೆಂಟು ಮನೆಗಳ ಊಟಕ್ಕೆ ಒಂದೇ ಪಟ್ಟಿ ಹೊಂದುವುದು ಕಷ್ಟ, ಅವರು ಮಾಡಿದ್ದು ಸುಮಾರು ಹತ್ತು ಸಾವಿರ ಮನೆಗಳಿಗೆ. ನೀವು ಮಾಡಿಸುವಾಗ ಹೆಸರು ಚೀಟಿಯಲ್ಲಿ ಬರೆದು ಅಂಟಿಸಿ. ದಿನಾ ಬಳಸುವ ಆರೇಳು ಪದಾರ್ಥಕ್ಕೆ ಮಾತ್ರ ಒಲೆಯ ಹತ್ತಿರ ಜಾಗ ಕೊಡಿ. ಹತ್ತು ಕಿಲೋ ಅಕ್ಕಿಯನ್ನು ಎಳೆಯುವ ಡ್ರಾಯರ್‌ಗೆ ಹಾಕಬೇಡಿ, ಹಳಿ ಬಾಗುತ್ತದೆ. ಒಗ್ಗರಣೆಯ ಜಿಡ್ಡು ಆ ಹಳಿಗೆ ಹತ್ತಿ, ಅದರ ಮೇಲೆ ಹಿಟ್ಟಿನ ಧೂಳು ಕೂತು ಡ್ರಾಯರ್ ಕಚ್ಚಿಕೊಳ್ಳುತ್ತದೆ. ಒಣಬಟ್ಟೆಯಲ್ಲಿ ತಿಂಗಳಿಗೊಮ್ಮೆ ಒರೆಸಿ. ಎಣ್ಣೆ ಬಿಡಲೇಬೇಡಿ, ಧೂಳಿಗೆ ಅದೇ ಅಂಟು.

ಸಮಯ ಓಡುತ್ತಿದೆ. ಗೋಡೆಯಿಂದ ಇಳಿಬಿಡುವ ಇಸ್ತ್ರಿ ಹಲಗೆ, ಚಾವಣಿಯಲ್ಲಿ ಬೇಕಾದ ಕಡೆ ಸರಿಸುವ ದೀಪ, ಕಪಾಟಿನ ಬುಡದಲ್ಲಿ ಕಾಲ್ಬೆರಳು ಹೋಗುವಷ್ಟು ಒಳಸರಿದ ಪೀಠ, ಇವುಗಳ ಬಗ್ಗೆ ವಿವರವಾಗಿ ಹೇಳಬೇಕಿತ್ತು. ಆಗಲಿಲ್ಲ. ಆ ಪೀಠವನ್ನಾದರೂ ಬಿಡಬೇಡಿ, ಅದಿಲ್ಲದಿದ್ದರೆ ಕಟ್ಟೆಗೆ ಹತ್ತಿರ ನಿಲ್ಲಲಾಗದೆ ಬೆನ್ನು ಬಾಗುತ್ತದೆ.

ದೊಡ್ಡ ತಪ್ಪೂ ಒಂದಿತ್ತು. ಎಲ್ಲ ಅಳತೆಯೂ ಒಬ್ಬರೇ ಅಡುಗೆ ಮಾಡುತ್ತಾರೆ ಎಂಬ ಲೆಕ್ಕದ್ದು. ಇಬ್ಬರು ಒಳಗೆ ಬಂದರೆ ಮೊಣಕೈ ಮೊಣಕೈಗೆ ತಾಗುತ್ತಿತ್ತು. 1970ರ ದಶಕದ ಸ್ತ್ರೀವಾದಿಗಳು ಇದನ್ನೇ ಹಿಡಿದು, ಹೆಂಗಸನ್ನು ಒಂಟಿಯಾಗಿ ಕೂಡಿಹಾಕಿದ ಕೋಣೆ ಇದು ಎಂದರು. ಆ ಟೀಕೆಯಲ್ಲಿ ಹುರುಳಿದೆ. ಅತ್ತೆ ಸೊಸೆ, ಅಥವಾ ಗಂಡ ಹೆಂಡತಿ ಇಬ್ಬರೂ ಕೈಹಾಕುವ ಮನೆಯಾದರೆ ಎರಡು ಬಣ್ಣದ ದಾರದಲ್ಲಿ ಅಳೆಯಿರಿ. ಬಣ್ಣಗಳು ಎಲ್ಲಿ ಒಂದನ್ನೊಂದು ದಾಟುತ್ತವೋ ಅಲ್ಲಿ ಬಿಸಿ ಪಾತ್ರೆ ಹಿಡಿದವರಿಗೆ ಡಿಕ್ಕಿ. ಆ ಜಾಗಕ್ಕೆ ಅಗಲ ಕೊಡಿ. ಕೋಣೆಯ ಉಳಿದ ಭಾಗ ಕಿರಿದಿದ್ದರೂ ನಡೆಯುತ್ತದೆ.

ಶ್ಯೂಟೆ-ಲಿಹೋಟ್ಸ್ಕಿ ಅವರ ಬಾಳಿನ ಕಥೆಗೆ ಇನ್ನೊಂದು ಭಾಷಣವೇ ಬೇಕು. 1930ರಲ್ಲಿ ಸೋವಿಯತ್ ದೇಶಕ್ಕೆ, 1938ರಲ್ಲಿ ಟರ್ಕಿಗೆ ಹೋದರು. ಹಿಟ್ಲರನ ವಿರುದ್ಧದ ಗುಪ್ತ ಹೋರಾಟಕ್ಕಾಗಿ ವಿಯೆನ್ನಾಕ್ಕೆ ಮರಳಿದವರನ್ನು 1941ರ ಜನವರಿಯಲ್ಲಿ ನಾಜಿಗಳ ಗುಪ್ತ ಪೊಲೀಸ್ ಪಡೆ ಗೆಸ್ಟಾಪೋ ಹಿಡಿಯಿತು. ಹದಿನೈದು ವರ್ಷದ ಶಿಕ್ಷೆಯಾಯಿತು, 1945ರಲ್ಲಿ ಬಿಡುಗಡೆಯಾದರು. ಕಮ್ಯುನಿಸ್ಟ್ ಎಂಬ ಕಾರಣಕ್ಕೆ ಯುದ್ಧದ ನಂತರ ಸರ್ಕಾರಿ ಕೆಲಸಗಳು ಹೆಚ್ಚು ಸಿಗಲಿಲ್ಲ. 2000ದ ಜನವರಿಯಲ್ಲಿ, 103 ತುಂಬಲು ಐದು ದಿನ ಇರುವಾಗ ತೀರಿಕೊಂಡರು. ಎಲ್ಲರೂ ಅಡುಗೆಮನೆಯ ಬಗ್ಗೆ ಮಾತ್ರ ಕೇಳುತ್ತಾರೆ ಎಂದು ಆಕೆಗೆ ಕೊನೆಯವರೆಗೂ ಸಿಟ್ಟಿತ್ತು. ನಾನೂ ಅದನ್ನೇ ಮಾಡಿದೆ. ಫ್ರಾಂಕ್‌ಫರ್ಟಿಗೆ ಹೋಗುವವರಿದ್ದರೆ ರೋಮರ್‌ಸ್ಟಾಡ್ ಬಡಾವಣೆಯ ಅರ್ನ್ಸ್ಟ್ ಮಾಯ್ ಮನೆಯನ್ನು ನೋಡಿ ಬನ್ನಿ, ಆ ಅಡುಗೆಮನೆಯನ್ನು ಅಲ್ಲಿ ಜೋಪಾನವಾಗಿ ಉಳಿಸಿಕೊಂಡಿದ್ದಾರೆ.

ಬೌಹೌಸಿನ ನೇಯ್ಗೆ ವಿಭಾಗದ ಬಗ್ಗೆಯೂ ಹೇಳುವ ಆಸೆ ಇತ್ತು, ಇವತ್ತಿಗೆ ಬೇಡ. ಹೆಜ್ಜೆ ಮೊದಲು, ಕಪಾಟು ಆಮೇಲೆ. ಮತ್ತೆ, ಉಣ್ಣೆಯ ದಾರ ಬಳಸಬೇಡಿ, ಅದು ಹಿಗ್ಗಿ ಲೆಕ್ಕ ಕೆಡುತ್ತದೆ. ಹೊಲಿಗೆಯ ಹತ್ತಿ ದಾರ ಸಾಕು. ಪ್ರತಿ ಸೂಜಿಗೂ ಒಂದೇ ಸುತ್ತು.

ನಮಸ್ಕಾರ.