ಹಸಿರು ಮೇಲಾದ ದಿನ

ಕೇಳುಗರಿಗೆ ನಮಸ್ಕಾರ.

ಹುಬ್ಬಳ್ಳಿ ತಾಲೂಕಿನ ಒಂದು ಕನ್ನಡ ಶಾಲೆ. 1995ರ ಆಗಸ್ಟ್ 15. ಬೆಳಗಿನ ಐದೂವರೆ, ಮಬ್ಬುಗತ್ತಲು, ಜಿಟಿಜಿಟಿ ಮಳೆ. ಧ್ವಜ ಮಡಚಿ, ಒಳಗೆ ಚೆಂಡುಹೂವಿನ ಎಸಳು ತುಂಬಿ, ಜಾರುಗಂಟು ಹಾಕಿ ಕಂಬದ ತುದಿಗೆ ಏರಿಸಿಟ್ಟವನು ನಾನು. ಪ್ರತಿ ವರ್ಷ ಈ ಕೆಲಸ ಮಾಡುತ್ತಿದ್ದವರು ನಮ್ಮ ಶಾಲೆಯ ಸಿಪಾಯಿ. ಮಕ್ಕಳೆಲ್ಲ ಅವರನ್ನು ಚಾಚಾ ಅನ್ನುತ್ತಿದ್ದರು. ಆ ವರ್ಷ ಮಾತ್ರ ‘ನೀವೇ ಕಟ್ಟಿಬಿಡ್ರಿ ಸರ, ಸುಮ್ಮನ ಯಾಕ’ ಎಂದು ಊರಿನ ಯಾರೋ ಅಂದಿದ್ದರು. ನಾನೂ ಹೂಂ ಅಂದಿದ್ದೆ.

ಎಂಟಕ್ಕೆ ಹಿರಿಯರೊಬ್ಬರು ಬಂದು ಹಗ್ಗ ಎಳೆದರು. ಹೂವು ಉದುರಿತು. ಧ್ವಜ ಬಿಚ್ಚಿಕೊಂಡಿತು. ಹಸಿರು ಮೇಲೆ, ಕೇಸರಿ ಕೆಳಗೆ.

ಮಕ್ಕಳು ಆಗಲೇ ರಾಷ್ಟ್ರಗೀತೆ ಎತ್ತಿಕೊಂಡಿದ್ದರು. ಅದು ಮುಗಿಯಲು 52 ಸೆಕೆಂಡು ಬೇಕು. ಅಷ್ಟೂ ಹೊತ್ತು ಯಾರೂ ಅಲುಗಾಡುವಂತಿಲ್ಲ, ಬಾಯಿ ಬಿಡುವಂತಿಲ್ಲ. ಕಣ್ಣಿಗೆ ಆ ಕಟ್ಟಳೆ ಇಲ್ಲವಲ್ಲ. ಒಬ್ಬೊಬ್ಬರ ಕಣ್ಣೂ ಧ್ವಜದಿಂದ ಇಳಿದು, ಕಂಬದ ಬುಡದಲ್ಲಿ ಸೆಟೆದು ನಿಂತಿದ್ದ ಚಾಚಾನ ಮೇಲೆ ಹೋಗಿ ಕೂತಿತು. ಗೀತೆ ಮುಗಿದ ಕೂಡಲೇ ‘ನಾನು ಕಟ್ಟಿದ್ದು’ ಎಂದೆ. ನಂಬಿದವರು ಕಡಿಮೆ. ಮಾಸ್ತರು ಸಿಪಾಯಿಯನ್ನು ಉಳಿಸಲಿಕ್ಕೆ ಹಾಗೆ ಹೇಳುತ್ತಿದ್ದಾರೆ ಅಂದುಕೊಂಡರು.

ಆ ಕಾಲದ ಹುಬ್ಬಳ್ಳಿ ಬಲ್ಲವರಿಗೆ ಹೆಚ್ಚು ಬಿಡಿಸಿ ಹೇಳಬೇಕಿಲ್ಲ. ಹಿಂದಿನ ವರ್ಷ ಅದೇ ದಿನ ಈದ್ಗಾ ಮೈದಾನದಲ್ಲಿ ಧ್ವಜ ಹಾರಿಸುವ ವಿಷಯಕ್ಕೆ ಕರ್ಫ್ಯೂ ಆಗಿ, ಗೋಳಿಬಾರ್ ಆಗಿ, ಜೀವಗಳು ಹೋಗಿದ್ದವು. 1995ರ ಜನವರಿ 26ಕ್ಕೆ ಮುಸಲ್ಮಾನರ ಅಂಜುಮನ್ ಸಂಸ್ಥೆಯವರೇ ಅಲ್ಲಿ ಧ್ವಜ ಹಾರಿಸಿದ ಮೇಲೆ ಊರು ಸ್ವಲ್ಪ ಉಸಿರು ಬಿಟ್ಟಿತ್ತು. ಸ್ವಲ್ಪ ಅಷ್ಟೇ.

ಹಸಿರು ಅಂದರೆ ಅವರದು, ಕೇಸರಿ ಅಂದರೆ ಇವರದು ಎನ್ನುವ ಈ ಲೆಕ್ಕ ಹುಟ್ಟಿದ್ದು ಎಲ್ಲಿ? ಬೇರೆ ಎಲ್ಲೂ ಅಲ್ಲ, ಧ್ವಜದ ಹುಟ್ಟಿನಲ್ಲೇ. 1921ರಲ್ಲಿ ಪಿಂಗಳಿ ವೆಂಕಯ್ಯನವರು ಗಾಂಧೀಜಿಗೆ ತೋರಿಸಿದ ಧ್ವಜದಲ್ಲಿ ಕೆಂಪು, ಹಸಿರು ಎರಡೇ ಬಣ್ಣ. ಕೆಂಪು ಹಿಂದೂಗಳದು, ಹಸಿರು ಮುಸಲ್ಮಾನರದು. ಉಳಿದವರೆಲ್ಲರ ಪಾಲಿಗೆಂದು ಗಾಂಧೀಜಿ ಬಿಳಿ ಸೇರಿಸಿಸಿದರು. ಹಾಗೆ ಹಂಚಲು ಕೂತರೆ ಮುಗಿಯುತ್ತದೆಯೇ? ನಮಗೂ ಒಂದು ಬಣ್ಣ ಬೇಕೆಂದು ಸಿಖ್ಖರು ಕೇಳಿದರು. ಕೇಳಿದ್ದು ತಪ್ಪೂ ಅಲ್ಲ.

ಕೊನೆಗೆ 1931ರಲ್ಲಿ ಕಾಂಗ್ರೆಸ್ಸು ಏಳು ಜನರ ಸಮಿತಿ ಮಾಡಿತು. ಪಟೇಲರು, ನೆಹರೂ, ಆಜಾದರು, ಮಾಸ್ಟರ್ ತಾರಾಸಿಂಗ್, ಕಾಕಾ ಕಾಲೇಲ್ಕರ್, ಪಟ್ಟಾಭಿ ಸೀತಾರಾಮಯ್ಯ. ಏಳನೆಯವರು ನಮ್ಮ ಹುಬ್ಬಳ್ಳಿಯ ಡಾಕ್ಟರ್ ನಾ.ಸು. ಹರ್ಡೀಕರ್. 1923ರ ನಾಗಪುರ ಧ್ವಜ ಸತ್ಯಾಗ್ರಹದಲ್ಲಿ ಜೈಲು ಕಂಡು ಬಂದು, ಸೇವಾದಳ ಕಟ್ಟಿದವರು. ಧ್ವಜಕ್ಕಾಗಿ ಜೈಲಿಗೆ ಹೋದವರನ್ನು ಧ್ವಜದ ಸಮಿತಿಗೆ ಹಾಕಿದ್ದು ಸರಿಯಾಗಿಯೇ ಇತ್ತು. ಈ ಸಮಿತಿ, ಬಣ್ಣದ ಜಗಳವೇ ಬೇಡ, ಇಡೀ ಧ್ವಜ ಒಂದೇ ಕೇಸರಿ ಇರಲಿ, ಮೇಲೆ ಚರಕ ಇರಲಿ ಎಂದಿತು. ಅಖಿಲ ಭಾರತ ಕಾಂಗ್ರೆಸ್ ಸಮಿತಿ ಒಪ್ಪಲಿಲ್ಲ. ಮೂರು ಪಟ್ಟಿ ಉಳಿಸಿತು, ಕೆಂಪಿನ ಬದಲು ಕೇಸರಿ ತಂದಿತು. ಬಣ್ಣಗಳಿಗೆ ಮತದ ಅರ್ಥ ಇಲ್ಲ. ಕೇಸರಿ ಅಂದರೆ ಧೈರ್ಯ, ತ್ಯಾಗ. ಬಿಳಿ ಅಂದರೆ ಸತ್ಯ, ಶಾಂತಿ. ಹಸಿರು ಅಂದರೆ ಶ್ರದ್ಧೆ, ಶೌರ್ಯ ಎಂದು ಬರೆದಿಟ್ಟಿತು. ಕಾಗದದಲ್ಲಿ ಲೆಕ್ಕ ಚುಕ್ತಾ ಆಯಿತು. ಅರವತ್ತನಾಲ್ಕು ವರ್ಷ ಕಳೆದ ಮೇಲೂ ನಮ್ಮ ಶಾಲೆಯ ಅಂಗಳದಲ್ಲಿ ಆಗಿರಲಿಲ್ಲ.

ಆ ಘಟನೆಯ ನಂತರ ಒಮ್ಮೆ ಹುಬ್ಬಳ್ಳಿಯ ಬೆಂಗೇರಿಗೆ ಹೋದೆ. 1957ರಲ್ಲಿ ಶುರುವಾದ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘ ಅಲ್ಲಿದೆ. ಗುಣಮಟ್ಟದ ಬಿಐಎಸ್ ಮುದ್ರೆಯ ಖಾದಿ ಧ್ವಜ ಅಂದರೆ ದೇಶವೆಲ್ಲ ಬೆಂಗೇರಿ ಕಡೆಗೇ ಕೈ ತೋರಿಸುತ್ತದೆ. 6 ಇಂಚು ಉದ್ದ, 4 ಇಂಚು ಅಗಲದ ಮೇಜಿನ ಧ್ವಜದಿಂದ ಹಿಡಿದು 21 ಅಡಿ ಉದ್ದ, 14 ಅಡಿ ಅಗಲದ ಧ್ವಜದವರೆಗೆ ಒಟ್ಟು 9 ಅಳತೆ. ಹೊಲಿಯುವವರು ಹೆಚ್ಚಾಗಿ ಹೆಣ್ಣುಮಕ್ಕಳು. ಚಕ್ರದ 24 ಗೆರೆ ಬಟ್ಟೆಯ ಎರಡೂ ಮೈಮೇಲೆ ಒಂದರ ಹಿಂದೆ ಒಂದು ತಪ್ಪದೆ ಕೂಡಬೇಕು. ಕೂದಲೆಳೆಯಷ್ಟು ಸರಿದರೂ ಆ ತುಂಡು ಕೆಲಸಕ್ಕೆ ಬಾರದು. 1947ರ ಜುಲೈ 22ರಂದು ಸಂವಿಧಾನ ಸಭೆಯಲ್ಲಿ ಚರಕದ ಬದಲು ಚಕ್ರ ಮಾತ್ರ ಯಾಕೆ ಎನ್ನುವುದಕ್ಕೆ ನೆಹರೂ ಕೊಟ್ಟ ಒಂದು ಕಾರಣವೂ ಇದೇ: ಧ್ವಜ ಎರಡೂ ಕಡೆಯಿಂದ ಒಂದೇ ಥರ ಕಾಣಬೇಕು. ಚರಕಕ್ಕೆ ಎಡ ಬಲ ಇದೆ, ಚಕ್ರಕ್ಕೆ ಇಲ್ಲ.

2021ರ ಕೊನೆಗೆ ಪಾಲಿಯೆಸ್ಟರಿಗೂ, ಯಂತ್ರದ ಬಟ್ಟೆಗೂ ಅನುಮತಿ ಸಿಕ್ಕಿತು. ಮರುವರ್ಷ ನಮ್ಮ ಓಣಿಯಲ್ಲಿ ಮನೆಮನೆಗೂ ಧ್ವಜ ಬಂತು. ನೋಡಿ ಖುಷಿಯಾಯಿತು, ಸುಳ್ಳೇಕೆ ಹೇಳಲಿ. ಆದರೆ ನನ್ನ ಪಾಲಿಗೆ ಬಂದ ಧ್ವಜದ ಚಕ್ರ ಬಿಳಿ ಪಟ್ಟಿ ದಾಟಿ ಹಸಿರಿಗೆ ಕಾಲು ಚಾಚಿತ್ತು. ಬೆಂಗೇರಿಯ ಆ ತಾಯಂದಿರು ನೋಡಿದ್ದರೆ ಏನನ್ನುತ್ತಿದ್ದರೋ.

ಬೆಂಗೇರಿಗೆ ಹೋಗಿದ್ದ ಆ ದಿನ ಅಲ್ಲಿ ಒಬ್ಬಾಕೆಗೆ ನನ್ನ ಕಥೆ ಹೇಳಿದೆ. ಆಕೆ ನಕ್ಕು, ಧ್ವಜದ ಅಂಚಿನ ದಪ್ಪ ಬಿಳಿ ಪಟ್ಟಿಯೊಳಗಿನ ಹಗ್ಗ ಎಳೆದು ತೋರಿಸಿದರು. ಹಗ್ಗದ ಒಂದು ತುದಿಗೆ ಬೆರಳಿನಷ್ಟು ಕಟ್ಟಿಗೆಯ ತುಂಡು.

‘ಈ ಕಟ್ಟಿಗಿ ಯಾವಾಗಲೂ ಕೇಸರಿ ಕಡೆ ಇರ್ತೈತ್ರಿ ಸರ. ಕತ್ತಲಾಗ ಕೈಯಾಡಿಸಿದರೂ ತಿಳೀತೈತಿ.’

ಊರಿಗೆ ಬಂದವನೇ, ದೊಡ್ಡ ಗುಟ್ಟು ತಂದವನ ಹಾಗೆ ಚಾಚಾನಿಗೆ ಅದನ್ನು ಹೇಳಿದೆ. ಅವರು ಗಂಟೆ ಬಾರಿಸುವ ಕೊಡತಿಯನ್ನು ಗೂಡಿನಲ್ಲಿಟ್ಟು ನನ್ನ ಕಡೆ ತಿರುಗಿದರು.

‘ನನಗ ಗೊತ್ತಿತ್ರಿ ಸರ. ಆ ವರ್ಷ ನೀವು ಕಟ್ಟಾಕ ಕೊಡಲಿಲ್ಲ.’

ನಮಸ್ಕಾರ.