ಎತ್ತರದ ಭಯಕ್ಕೆ ಹಿಪ್ನೋಥೆರಪಿ: ಬೆಟ್ಟದ ಮೆಟ್ಟಿಲ ಮೇಲೆ ನಾನು ಕಲಿತದ್ದು

[ದೃಶ್ಯ: ಚಾಮುಂಡಿ ಬೆಟ್ಟದ ಮೆಟ್ಟಿಲು, ಬೆಳಗಿನ ಹೊತ್ತು. ಮೆಟ್ಟಿಲ ಅಂಚಿನಲ್ಲಿ ಹಸಿ ಅರಿಶಿನ, ಕುಂಕುಮ.]

ನಮಸ್ಕಾರ. ಮೈಸೂರಿನವಳಾಗಿ ಈ ಮಾತು ಹೇಳೋಕೆ ನನಗೆ ಬಹಳ ವರ್ಷ ಸಂಕೋಚ ಇತ್ತು. ನನಗೆ ಬೆಟ್ಟದ ಮೆಟ್ಟಿಲು ಇಳಿಯೋಕೆ ಆಗ್ತಿರಲಿಲ್ಲ. ಹತ್ತೋದು ಪರವಾಗಿಲ್ಲ, ಕಣ್ಣ ಮುಂದೆ ಕಲ್ಲು ಇರುತ್ತೆ. ಇಳಿಯೋವಾಗ ಇಡೀ ಊರು ಕಾಲ ಕೆಳಗೆ ತೆರ್ಕೊಳ್ಳುತ್ತೆ. ಅಂಗಾಲು ಜುಮ್ ಅನ್ನುತ್ತೆ, ಮಂಡಿ ಸೋಲುತ್ತೆ, ಅಂಗೈ ಬೆವರುತ್ತೆ.

ಎರಡು ವರ್ಷದ ಹಿಂದೆ ಒಂದು ಆಷಾಢ ಶುಕ್ರವಾರ, ನಂದಿಯಿಂದ ಸ್ವಲ್ಪ ಕೆಳಗೆ ಕೂತುಬಿಟ್ಟೆ. ಏಳೋಕೇ ಆಗ್ಲಿಲ್ಲ. ಮೆಟ್ಟಿಲಿಗೆ ಅರಿಶಿನ ಹಚ್ಚುತ್ತಾ ಮೇಲೆ ಬರ್ತಿದ್ದ ಮಂಡ್ಯ ಕಡೆಯ ಅಜ್ಜಿಯೊಬ್ಬರು ಪಕ್ಕದಲ್ಲಿ ಕೂತು, ಹಳದಿ ಕೈಯಲ್ಲೇ ನನ್ನ ಕೈ ಹಿಡ್ಕೊಂಡು ಹೇಳಿದ್ರು: "ಊರ್ ನೋಡ್ಬ್ಯಾಡ ಕಣವ್ವ, ಮೆಟ್ಲು ನೋಡು. ನಾನ್ ಹಚ್ಚಿದ್ ಕುಂಕ್ಮ ನೋಡ್ಕೊಂಡ್ ಇಳಿ." ಹಾಗೇ ಒಂದೊಂದೇ ಕುಂಕುಮದ ಬೊಟ್ಟು ನೋಡ್ಕೊಂಡು ಇಳಿದೆ.

ಆ ಮಾತಿನ ಹಿಂದೆ ಇರೋ ವಿಜ್ಞಾನ ನನಗೆ ಆಮೇಲೆ ತಿಳೀತು. ನಾವು ನೆಟ್ಟಗೆ ನಿಲ್ಲೋಕೆ ಮೂರು ಕಡೆಯಿಂದ ಸುದ್ದಿ ಬೇಕು: ಒಳಕಿವಿ, ಕಾಲಿನ ಸ್ನಾಯು ಮತ್ತು ಕೀಲುಗಳು, ಕಣ್ಣು. ನಿಂತಾಗ ಎಲ್ಲರ ಮೈಯೂ ಒಂಚೂರು ತೂಗ್ತಾನೇ ಇರುತ್ತೆ. ಹತ್ತಿರದ ಗೋಡೆ, ಕಂಬ ಅತ್ತಿತ್ತ ಸರಿದ ಹಾಗೆ ಕಂಡಾಗ ಕಣ್ಣು ಅದನ್ನ ಹಿಡಿದು ಮಿದುಳಿಗೆ ಹೇಳುತ್ತೆ. ಎತ್ತರದಲ್ಲಿ ಹತ್ತಿರದ ವಸ್ತುವೇ ಇಲ್ಲ, ಕಾಣೋದೆಲ್ಲ ದೂರ. ಕಣ್ಣಿನ ಸುದ್ದಿ ತೆಳುವಾಗುತ್ತೆ, ತೂಗಾಟ ಜಾಸ್ತಿಯಾಗುತ್ತೆ. ಭಯ ಇರೋರು ಆಗ ಮೈ ಬಿಗಿ ಹಿಡೀತಾರೆ, ಬಿಗಿ ಹಿಡಿದಷ್ಟೂ ಸಮತೋಲ ಕೆಡುತ್ತೆ. ಅಜ್ಜಿಯ ಕುಂಕುಮ ನನ್ನ ಕಣ್ಣಿಗೆ ಹತ್ತಿರದಲ್ಲೊಂದು ಆಸರೆ ಕೊಟ್ಟಿತ್ತು.

[ದೃಶ್ಯ: ಹಳ್ಳಿಯ ನಾಟಕದ ರಂಗಸಜ್ಜಿಕೆ, ದೀಪ, ಹಾರ್ಮೋನಿಯಂ.]

ಈ ಭಯಕ್ಕೆ ಹಿಪ್ನೋಥೆರಪಿ, ಅಂದ್ರೆ ಹಿಪ್ನಾಸಿಸ್ ಬಳಸಿ ಮಾಡೋ ಚಿಕಿತ್ಸೆ, ತಗೊಳ್ತೀನಿ ಅಂದಾಗ ನಮ್ಮನೇಲಿ ಮೊದಲು ಬಂದ ಮಾತು "ವಶೀಕರಣಾನಾ?" ಅಂತ. ಖಂಡಿತ ಅಲ್ಲ. ಮಂಡ್ಯ ಕಡೆ ಹಳ್ಳೀಲಿ ರಾತ್ರಿಯಿಡೀ ಪೌರಾಣಿಕ ನಾಟಕ ನಡೆಯೋವಾಗ ನೋಡಿ. ಅಭಿಮನ್ಯು ಬೀಳೋ ಹೊತ್ತಿಗೆ ಮುಂದಿನ ಸಾಲಿನ ಹೆಂಗಸರು ಸೆರಗಲ್ಲಿ ಕಣ್ಣೊರೆಸ್ಕೊಳ್ತಾರೆ. ಅಲ್ಲಿ ಬಿದ್ದವನು ಪಕ್ಕದ ಬೀದಿ ಹುಡುಗ ಅಂತ ಅವರಿಗೆ ಗೊತ್ತು. ಆದ್ರೂ ಕಣ್ಣೀರು ನಿಜ. ಹಿಪ್ನಾಸಿಸ್ ಸ್ಥಿತಿಯೂ ಇದಕ್ಕೆ ಹತ್ತಿರದ್ದೇ: ಗಮನ ಒಂದೇ ಕಡೆ ನೆಟ್ಟಿರುತ್ತೆ, ಕಲ್ಪನೆಗೆ ಮೈ ಸ್ಪಂದಿಸುತ್ತೆ, ಎಚ್ಚರವೂ ಇರುತ್ತೆ. ಬೇಡ ಅನ್ನಿಸಿದ್ರೆ ಎದ್ದು ಬರಬಹುದು.

ಆ ಹೆಸರನ್ನ ಪ್ರಚಾರಕ್ಕೆ ತಂದವರು ಸ್ಕಾಟ್ಲೆಂಡ್ ಮೂಲದ ವೈದ್ಯ ಜೇಮ್ಸ್ ಬ್ರೇಡ್, 1843ರಲ್ಲಿ. ಗ್ರೀಕರ ನಿದ್ರಾದೇವತೆ ಹಿಪ್ನೋಸ್ ಹೆಸರಿಂದ ಬಂದ ಪದ. ಆದ್ರೆ ಇದು ನಿದ್ರೆಯಲ್ಲ ಅಂತ ಬ್ರೇಡ್‌ಗೆ ಆಮೇಲೆ ಅನ್ನಿಸಿ, ಮನಸ್ಸು ಒಂದೇ ವಿಚಾರದಲ್ಲಿ ನಿಲ್ಲೋದು ಅನ್ನೋ ಅರ್ಥದ ಬೇರೆ ಹೆಸರು ಸೂಚಿಸಿದ್ರು. ಅಷ್ಟರಲ್ಲಿ ಹಳೇ ಹೆಸರೇ ಅಂಟ್ಕೊಂಡಿತ್ತು. ನನ್ನ ಪ್ರಕಾರ ಇವತ್ತಿನ ಅರ್ಧ ಗೊಂದಲಕ್ಕೆ ಆ ಹೆಸರೇ ಕಾರಣ.

ಈಗ ಚಿಕಿತ್ಸೆಯ ಕೋಣೆ ಒಳಗೆ ಏನಾಗುತ್ತೆ ಅಂತ ಹೇಳ್ತೀನಿ. ಮೊದಲ ದಿನ ಹಿಪ್ನಾಸಿಸ್ ಇಲ್ಲ, ಪಟ್ಟಿ ಮಾತ್ರ. ಭಯಕ್ಕೆ 0ಯಿಂದ 100ರವರೆಗೆ ಅಂಕ ಕೊಡಬೇಕು. ಮೊದಲ ಮಹಡಿ ಬಾಲ್ಕನಿ 25, ಮಾಲ್‌ನ ಎಸ್ಕಲೇಟರ್ 40, ಬೆಟ್ಟದ ಮೆಟ್ಟಿಲು ಇಳಿಯೋದು 80, ತಾರಸಿಯಿಂದ ನೀರಿನ ಟ್ಯಾಂಕಿಗೆ ಹತ್ತೋ ಕಬ್ಬಿಣದ ಏಣಿ 95.

ಎರಡನೇ ಸಲ ಚಿಕಿತ್ಸೆ ಕೊಡೋರು ನನಗೆ ಗೋಡೆಯ ಒಂದು ಚುಕ್ಕೆ ನೋಡ್ತಾ ಉಸಿರು ನಿಧಾನಕ್ಕೆ ಬಿಡೋಕೆ ಹೇಳಿದ್ರು. ಕಣ್ಣು ತಾನಾಗೇ ಮುಚ್ಚಿತು. "ಈಗ ಹತ್ತು ಮೆಟ್ಟಿಲು ಇಳೀತಾ ಇದ್ದೀರಿ ಅಂದ್ಕೊಳ್ಳಿ" ಅಂದ್ರು. ಮನಸ್ಸನ್ನ ಇನ್ನಷ್ಟು ಒಳಕ್ಕೆ ಕರ್ಕೊಂಡು ಹೋಗೋಕೆ ಎಲ್ಲ ಕಡೆ ಬಳಸೋ ಮಾತದು. ನನ್ನ ಕೈ ಕುರ್ಚಿಯನ್ನ ಬಿಗಿಯಾಗಿ ಹಿಡೀತು! ಅವರು ತಕ್ಷಣ ಗಮನಿಸಿ, "ಮೆಟ್ಟಿಲು ಬೇಡ ಬಿಡಿ. ನಿಮಗಿಷ್ಟವಾದ ಸಮತಟ್ಟು ಜಾಗ ಯಾವುದು?" ಅಂದ್ರು. ಕುಕ್ಕರಹಳ್ಳಿ ಕೆರೆ ಏರಿ ಅಂದೆ. ಬೆಳಗಿನ ನೆರಳು, ನೀರ ಮೇಲಿನ ಗಾಳಿ, ಹಕ್ಕಿ ಸದ್ದು, ಕಾಲಡಿಯ ಮಣ್ಣು, ಎಲ್ಲವನ್ನೂ ನನ್ನ ಬಾಯಿಂದಲೇ ಹೇಳಿಸಿದ್ರು. ಎಲ್ಲರಿಗೂ ಒಂದೇ ರೆಕಾರ್ಡಿಂಗ್ ಹಾಕಿ ಕೂರಿಸೋರಿಗೂ, ಎದುರಿಗಿರೋರ ಕೈ ನೋಡಿ ಮಾತು ಬದಲಾಯಿಸೋರಿಗೂ ಇರೋ ವ್ಯತ್ಯಾಸ ನನಗೆ ಅವತ್ತು ಅರ್ಥವಾಯ್ತು.

ಆ ನೆಮ್ಮದೀಲಿ ಪಟ್ಟಿಯ ಮೊದಲನೇದನ್ನ, ಬಾಲ್ಕನಿಯನ್ನ, ಕಲ್ಪನೆಗೆ ತಂದ್ರು. ಭಯ ಏರಿದ್ರೆ ತೋರುಬೆರಳು ಎತ್ತಬೇಕು, ಮತ್ತೆ ಕೆರೆ ಏರಿಗೆ ವಾಪಸ್. ಹೀಗೆ ಹೋಗೋದು, ಬರೋದು. ಜೊತೆಗೆ ಒಂದು ಸೂಚನೆ: "ಕಂಬಿ ಮುಟ್ಟಿದಾಗ ಉಸಿರು ಉದ್ದವಾಗುತ್ತೆ."

ಬಾಲ್ಕನಿಗೆ ನಿಜವಾಗ್ಲೂ ಹೋಗಿ ನಿಲ್ಲೋದು ಮನೆಗೆಲಸ. ಇದನ್ನ ಬಿಟ್ರೆ ಉಳಿದದ್ದೆಲ್ಲ ವ್ಯರ್ಥ ಅಂತ ನಾನು ಗಟ್ಟಿಯಾಗಿ ಹೇಳ್ತೀನಿ. ಭಯ ಏರಿದ ಗಳಿಗೇಲೇ ಓಡಿ ಬಂದ್ರೆ, ಓಡಿದ್ದಕ್ಕೇ ಬದುಕಿದೆ ಅಂತ ಮಿದುಳು ಕಲಿಯುತ್ತೆ. ಅಂಕ ಅರ್ಧಕ್ಕೆ ಇಳಿಯೋವರೆಗೂ ನಿಂತ್ರೆ, ಇಲ್ಲಿ ಏನೂ ಆಗಲ್ಲ ಅಂತ ಕಲಿಯುತ್ತೆ. ಎತ್ತರದ ಭಯಕ್ಕೆ ಗಟ್ಟಿ ಆಧಾರ ಇರೋದು ಹೀಗೆ ಹಂತ ಹಂತವಾಗಿ ಎದುರಿಸೋ ಚಿಕಿತ್ಸೆಗೇ. 2018ರಲ್ಲಿ ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದವರು 100 ಜನರ ಮೇಲೆ ಅಧ್ಯಯನ ಮಾಡಿದ್ರು. ಅರ್ಧದಷ್ಟು ಜನರಿಗೆ ವರ್ಚುವಲ್ ರಿಯಾಲಿಟಿ ಕನ್ನಡಕ ಹಾಕಿ ಹಂತ ಹಂತವಾಗಿ ಎತ್ತರ ತೋರಿಸಿದ್ರು. ಅವರಲ್ಲಿ ಭಯ ಸರಾಸರಿ ಶೇ. 68ರಷ್ಟು ಇಳೀತು. ಬರೀ ಹಿಪ್ನಾಸಿಸ್‌ಗೆ ಅಷ್ಟು ಬಲವಾದ ಪುರಾವೆ ಇಲ್ಲ. ನನ್ನ ಅನುಭವದಲ್ಲಿ ಅದು ಕೊಟ್ಟಿದ್ದು ಬಾಲ್ಕನಿಗೆ ಹೋಗೋ ಮುಂಚೆ ಒಂದು ತಾಲೀಮು, ಮತ್ತು ಹೋಗೋ ಧೈರ್ಯ. ಹಿಪ್ನಾಸಿಸ್‌ಗೆ ಎಲ್ಲರೂ ಒಂದೇ ಸಮ ಸ್ಪಂದಿಸೋದೂ ಇಲ್ಲ. ನಿಮಗೆ ಹಿಡಿಸದಿದ್ರೆ ಅದು ನಿಮ್ಮ ತಪ್ಪಲ್ಲ.

ಇನ್ನು ಎಚ್ಚರಿಕೆಯ ಮಾತು. ನೆಲದ ಮೇಲಿದ್ದಾಗಲೂ ಸುತ್ತಲಿನ ಎಲ್ಲ ಗಿರ್ರನೆ ತಿರುಗಿದ್ರೆ ಅದು ಕಿವಿಗೆ ಸಂಬಂಧಿಸಿದ್ದಿರಬಹುದು, ಮೊದಲು ಇಎನ್‌ಟಿ ವೈದ್ಯರಿಗೆ ತೋರಿಸಿ. ಇಲ್ಲದ ದನಿ ಕೇಳೋದು, ಭ್ರಮೆ ಇಂಥ ತೊಂದರೆ ಇರೋರು ಮನೋವೈದ್ಯರನ್ನ ಕೇಳದೆ ಹಿಪ್ನಾಸಿಸ್‌ಗೆ ಕೂರಬಾರದು. "ಒಂದೇ ಸಿಟ್ಟಿಂಗ್, ಗ್ಯಾರಂಟಿ" ಅನ್ನೋರಿಂದ, ಭಯದ ಮೂಲ ಪೂರ್ವಜನ್ಮದಲ್ಲಿದೆ ಅನ್ನೋರಿಂದ ದೂರ ಇರಿ. ಹಿಪ್ನಾಸಿಸ್‌ನಲ್ಲಿ ಬರೋ ನೆನಪೆಲ್ಲ ನಿಜ ಇರಬೇಕಿಲ್ಲ, ಇಲ್ಲದ ನೆನಪೂ ಹುಟ್ಟಬಹುದು. ಚಿಕಿತ್ಸೆ ಕೊಡೋರು ಮನೋವೈದ್ಯರಾ ಅಥವಾ ಭಾರತೀಯ ಪುನರ್ವಸತಿ ಮಂಡಳಿಯಲ್ಲಿ ನೋಂದಾಯಿಸಿದ ಕ್ಲಿನಿಕಲ್ ಸೈಕಾಲಜಿಸ್ಟಾ ಅಂತ ಕೇಳಿ, ಕೇಳೋಕೆ ನಾಚಿಕೆ ಬೇಡ. ಎಲ್ಲಿಂದ ಶುರು ಮಾಡಬೇಕೋ ಗೊತ್ತಾಗದಿದ್ರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡಬಹುದು. ಬಣ್ಣ ಬಳಿಯೋರು, ಗಾರೆ ಕೆಲಸದೋರು ಎತ್ತರದಲ್ಲಿ ದುಡಿಯೋರು. ನಿಮಗೆ ಭಯ ಕಮ್ಮಿಯಾದ್ರೂ ಸುರಕ್ಷತಾ ಬೆಲ್ಟು ಬಿಚ್ಚಬೇಡಿ.

[ದೃಶ್ಯ: ನಂದಿಯ ಕೆಳಗಿನ ಮೆಟ್ಟಿಲು. ಕ್ಯಾಮೆರಾ ಇಳಿಯುತ್ತಾ ಸಾಗುತ್ತದೆ.]

ಈ ಆಷಾಢದಲ್ಲಿ ಮತ್ತೆ ಹೋಗಿದ್ದೆ. ನಾನು ಕೂತುಬಿಟ್ಟಿದ್ದ ಅದೇ ಮೆಟ್ಟಿಲ ಹತ್ರ ನಿಂತೆ. ಎದೆ ಹೊಡ್ಕೊಳ್ತು, ಅಂಕ 60. ಮೊದಲು ಕಾಲ ಬಳಿಯ ಕುಂಕುಮ ನೋಡಿದೆ, ಉಸಿರು ಬಿಟ್ಟೆ, ಆಮೇಲೆ ಸಂತ ಫಿಲೋಮಿನಾ ಚರ್ಚಿನ ಜೋಡಿ ಗೋಪುರ ಎಲ್ಲಿದೆ ಅಂತ ಹುಡುಕಿದೆ. ಸಿಗೋ ಹೊತ್ತಿಗೆ 30 ಆಗಿತ್ತು. ಟ್ಯಾಂಕಿನ ಏಣಿ ಇನ್ನೂ 70ರಲ್ಲೇ ಇದೆ. ಭಾನುವಾರ ಅಪ್ಪ ಕೆಳಗೆ ಏಣಿ ಹಿಡ್ಕೊಳ್ತೀನಿ ಅಂದಿದ್ದಾರೆ. ಮೂರು ಮೆಟ್ಟಿಲು ಹತ್ತಬೇಕು ಅಂತಿದ್ದೀನಿ.