ನಾಲ್ಕು ಬೈ ಐದು ಕ್ಯಾಮೆರಾದ ಬೆನ್ನಿಗೆ 120 ರೋಲ್: ಮೇಲುಕೋಟೆಯ ಕಲ್ಯಾಣಿಯಲ್ಲಿ ಒಂದು ಬೆಳಗ್ಗೆ

ಟ್ರೈಪಾಡ್ ನಿಲ್ಲಿಸಿ, ನಾಲ್ಕು ಬೈ ಐದು ಇಂಚಿನ ಬಿಡಿ ಫಿಲ್ಮ್ ಹಾಳೆಗಳಲ್ಲಿ, ಅಂದರೆ ಶೀಟುಗಳಲ್ಲಿ, ಚಿತ್ರ ತೆಗೆಯುವ ಈ ಕ್ಯಾಮೆರಾ ಬಿಡಿಸುವುದನ್ನು ನೀವು ಹಲವು ಬಾರಿ ನೋಡಿರುವುದರಿಂದ ಈ ವೀಡಿಯೊದಲ್ಲಿ ಆ ಭಾಗವನ್ನು ವೇಗವಾಗಿ ಓಡಿಸಿದ್ದೇನೆ. ಸಮಯ ಬೆಳಗಿನ ಆರೂವರೆ. ಎದುರು ದಡದ ಮಂಟಪದ ಕಂಬಗಳು ಕಲ್ಯಾಣಿಯ ನೀರಿನಲ್ಲಿ ತಲೆಕೆಳಗಾಗಿ ನಿಂತಿವೆ. ಫೋಕಸ್ ನೋಡಲು ಕ್ಯಾಮೆರಾದ ಹಿಂಬದಿಯಲ್ಲಿರುವ ಮಸುಕು ಗಾಜಿನ, ಅಂದರೆ ಗ್ರೌಂಡ್ ಗ್ಲಾಸಿನ ಮೇಲೆ ಎಲ್ಲವೂ ತಿರುಗಿ ಮೂಡುವುದರಿಂದ ಅಲ್ಲಿ ಮಾತ್ರ ಪ್ರತಿಬಿಂಬವೇ ನೆಟ್ಟಗೆ ಕಾಣುತ್ತದೆ.

ಕೈಯಲ್ಲಿರುವ ಈ ಕಪ್ಪು ಪೆಟ್ಟಿಗೆಯೇ 6x12 ರೋಲ್ ಫಿಲ್ಮ್ ಬ್ಯಾಕ್. ಕ್ಯಾಮೆರಾದ ಬೆನ್ನಿಗೆ ಇದನ್ನು ಕೂರಿಸಿದರೆ ಶೀಟಿನ ಬದಲು ಸುರುಳಿ ಫಿಲ್ಮಿನಲ್ಲಿ ಸುಮಾರು 6x12 ಸೆಂ.ಮೀ. ಚಿತ್ರ ಬರುತ್ತದೆ. ಕೊಡಾಕ್ 1901ರಲ್ಲಿ ತಂದ 120 ಫಿಲ್ಮ್ ಇಂದಿಗೂ ಅದೇ ಅಗಲದಲ್ಲಿ ದೊರೆಯುತ್ತದೆ. ಹಳೆಯ ಬ್ಯಾಕ್ ಕೊಳ್ಳುವವರು ಅದು 120ಕ್ಕೆ ಮಾಡಿದ್ದೋ, ಬೆನ್ನಿಗೆ ಕಾಗದವಿಲ್ಲದ 220ಕ್ಕೆ ಮಾಡಿದ್ದೋ ಎಂಬುದನ್ನು ಮೊದಲೇ ವಿಚಾರಿಸಿಕೊಳ್ಳಬೇಕು.

ಇನ್ನು ಖರ್ಚಿನ ಲೆಕ್ಕ. ನನಗೆ 25 ಶೀಟುಗಳ ಡಬ್ಬಿಗೆ 6,500 ರೂಪಾಯಿ ಬಿದ್ದಿದೆ, ಅಂದರೆ ಒಂದು ಶೀಟಿಗೆ 260. ರೋಲಿಗೆ 900 ಕೊಟ್ಟೆ. 6x7ರಲ್ಲಿ ಹತ್ತು ಫ್ರೇಮ್ ಬರುವುದರಿಂದ ಒಂದಕ್ಕೆ 90, ಆರೇ ಫ್ರೇಮ್ ಬರುವ 6x12ರಲ್ಲಿ 150. ಆದರೆ ಹಳೆಯ ಡಾರ್ಕ್ ಸ್ಲೈಡ್ (ಫಿಲ್ಮಿಗೆ ಬೆಳಕು ತಾಗದಂತೆ ಮುಚ್ಚುವ ತೆಳು ತಗಡು) ಒಂದನ್ನು ಉದ್ದಕ್ಕೆ ಸೀಳಿಕೊಂಡರೆ ಒಂದೇ ಶೀಟಿನಲ್ಲಿ ಎರಡು ಅಗಲದ ಚಿತ್ರಗಳನ್ನು ತೆಗೆಯಬಹುದು, ಆಗ ಒಂದಕ್ಕೆ 130 ಮಾತ್ರ. ಆದ್ದರಿಂದ 6x12 ಬ್ಯಾಕ್ ಶುದ್ಧ ದುಂದುಗಾರಿಕೆ ಎಂದು ಹೋದ ತಿಂಗಳು ಇದೇ ಬಾಯಿಂದ ಹೇಳಿದ್ದೆ. ಆ ಮಾತನ್ನು ಹಿಂತೆಗೆದುಕೊಳ್ಳುತ್ತಿದ್ದೇನೆ. ಶೀಟುಗಳನ್ನು ಕತ್ತಲಲ್ಲಿ ಒಂದೊಂದಾಗಿ ಹೋಲ್ಡರಿಗೆ ತುಂಬುತ್ತಾ, ಧೂಳು ಒರೆಸುತ್ತಾ ಕಳೆದ ರಾತ್ರಿಗಳಿಗೂ ಒಂದು ಬೆಲೆಯಿದೆ. ರೋಲನ್ನು ಈ ಮೆಟ್ಟಿಲಿನ ಮೇಲೆ ಹಗಲಿನಲ್ಲೇ ತುಂಬಬಹುದು. ಅಲ್ಲದೆ, ಶೀಟಿನಲ್ಲಿ ಅಗಲವಾಗಿ ನೋಡುವ 90 ಮಿ.ಮೀ. ಲೆನ್ಸ್ 6x7ರಲ್ಲಿ ಸಾಮಾನ್ಯ ಲೆನ್ಸಿನಂತಾಗಿಬಿಡುತ್ತದೆ, 6x12ರಲ್ಲಾದರೋ ಅಡ್ಡಗಲ ಬಹುಪಾಲು ಉಳಿಯುತ್ತದೆ.

ಈಗ ಹೋದ ಸಲದ ಅನಾಹುತಕ್ಕೆ ಬರೋಣ. ಗ್ರೌಂಡ್ ಗ್ಲಾಸಿನ ಚೌಕಟ್ಟನ್ನು ತೆಗೆದು, ಬ್ಯಾಕ್ ಕೂರಿಸಿ, ಅದನ್ನು ಹಿಡಿದಿಡುವ ಗ್ರಾಫ್ಲಾಕ್ ಪಟ್ಟಿಗಳೆರಡನ್ನೂ ಬೆರಳಿನಿಂದ ಸರಿಸಿ ಬಿಗಿಮಾಡಬೇಕು. ನನ್ನ ಮರದ ಕ್ಯಾಮೆರಾ ಹಗುರ, ಬ್ಯಾಕ್ ಭಾರ, ಪಟ್ಟಿಗಳು ವಿಪರೀತ ಬಿಗಿ. ನಾನು ಬಲ ಹಾಕಿದಾಗ ಕ್ಯಾಮೆರಾದ ಹಿಂಭಾಗ ತನ್ನ ಹಳಿಯ ಮೇಲೆ ಒಂದಿಷ್ಟು ಹಿಂದಕ್ಕೆ ಜಾರಿತ್ತು, ಅದು ನನ್ನ ಗಮನಕ್ಕೆ ಬರಲಿಲ್ಲ. ದೂರಕ್ಕೆ ಫೋಕಸ್ ಮಾಡಿದ 90 ಮಿ.ಮೀ. ಲೆನ್ಸಿನಿಂದ ಫಿಲ್ಮ್ ಒಂದೇ ಒಂದು ಮಿಲಿಮೀಟರ್ ಹಿಂದೆ ಸರಿದರೂ ಫೋಕಸ್ ಸುಮಾರು 8 ಮೀಟರಿಗೆ ಬಂದು ಕೂರುತ್ತದೆ. ಮೆಟ್ಟಿಲುಗಳ ಮೇಲೆ ಜನರು ಓಡಾಡುತ್ತಿದ್ದರೆಂದು, ಬೇಗ ಕ್ಲಿಕ್ಕಿಸಲು ಲೆನ್ಸಿನ ಕಿಂಡಿಯನ್ನು ಅಗಲವಾಗಿ ತೆರೆದು ನಾನು ಎಫ್/8 ಇಟ್ಟಿದ್ದೆ. ಕಿಂಡಿಯನ್ನು ಕಿರಿದಾಗಿಸಿ ಎಫ್/22 ಇಟ್ಟಿದ್ದರೆ ಆ ತಪ್ಪು ಬಹುಮಟ್ಟಿಗೆ ಮುಚ್ಚಿಹೋಗುತ್ತಿತ್ತು. ಆರಕ್ಕೆ ಆರೂ ಫ್ರೇಮುಗಳಲ್ಲಿ ಯಾರೋ ಬಿಟ್ಟುಹೋದ ಪ್ಲಾಸ್ಟಿಕ್ ಚೊಂಬು ಕಣ್ಣಿಗೆ ಕುಕ್ಕುವಷ್ಟು ಸ್ಪಷ್ಟವಾಗಿತ್ತು, ಮಂಟಪ ಮಾತ್ರ ಮಂಜಿನಲ್ಲಿ ನಿಂತಂತಿತ್ತು. ಆ ಚೊಂಬಿಗೆ 900 ರೂಪಾಯಿ ತೆತ್ತಿದ್ದೇನೆ.

ಗ್ರೌಂಡ್ ಗ್ಲಾಸನ್ನು ತೆಗೆಯದೆ ಅದರ ಕೆಳಗೇ ತೂರಿಸುವ ಚಪ್ಪಟೆ ಬ್ಯಾಕುಗಳೂ ಇವೆ, ಅವನ್ನು ಕೊಳ್ಳಬಾರದಿತ್ತೇ ಎಂದು ನೀವು ಕೇಳಬಹುದು. ಸ್ನೇಹಿತರೊಬ್ಬರದನ್ನು ಹಾಕಿ ನೋಡಿದೆ. ಅದನ್ನು ತೂರಿಸುವಾಗಲೂ ಹಿಂಭಾಗವನ್ನು ಅಷ್ಟೇ ಜಗ್ಗಬೇಕಾಗುತ್ತದೆ.

ಇಂದು ಎಡ ಅಂಗೈಯನ್ನು ಹಿಂಭಾಗಕ್ಕೆ ಒತ್ತಾಗಿ ಕೊಟ್ಟು, ಬಲಗೈಯಿಂದ ಪಟ್ಟಿ ಸರಿಸುತ್ತಿದ್ದೇನೆ. ಒಮ್ಮೆ ಕೂರಿಸಿ, ಡಾರ್ಕ್ ಸ್ಲೈಡ್ ತೆಗೆಯದೆಯೇ ಮತ್ತೆ ಬಿಚ್ಚಿ, ಗ್ಲಾಸ್ ಹಾಕಿ ಲೂಪಿನಿಂದ (ಪುಟ್ಟ ಭೂತಗನ್ನಡಿ) ಪರೀಕ್ಷಿಸಿದೆ. ಕಂಬದ ಅಂಚು ಇದ್ದಲ್ಲೇ ಇದೆ. ಲೆನ್ಸನ್ನು ಮೇಲೆತ್ತಿ ಕಂಬಗಳನ್ನು ನೆಟ್ಟಗೆ ಉಳಿಸಿಕೊಳ್ಳುವ ಸೌಲಭ್ಯ ಬೇಕಿಲ್ಲದಿದ್ದರೆ ಇಷ್ಟು ಪಾಡುಪಡಲು ಕಾರಣವೇ ಇರಲಿಲ್ಲ; ಒಂದು ಸಾಧಾರಣ 120 ಕ್ಯಾಮೆರಾ ಸಾಕಾಗುತ್ತಿತ್ತು.

ಮಂಟಪದ ಮೇಲೆ ಬಿಸಿಲು ಬಂದೇಬಿಟ್ಟಿತು, ಸ್ಲೈಡ್ ಎಳೆಯುತ್ತೇನೆ. ಮೊದಲನೆಯದು ಎಫ್/22ರಲ್ಲಿ.